ಮನೆಯ ನಾಯಿ ತೀರಿಹೋದಾಗ ಏನು ಮಾಡಬೇಕು?

"ಒಂದು ನಾಯಿಗೆ ಇಷ್ಟೊಂದು ಅಳೋದಾ?" ಅನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಮನುಷ್ಯರು ಹೋದರೆ ನೆಂಟರು ಬರುತ್ತಾರೆ, ತಿಥಿ ಇರುತ್ತದೆ, ನಾಲ್ಕು ದಿನ ರಜೆ ಸಿಗುತ್ತದೆ. ನಾಯಿ ಹೋದರೆ ಮಾರನೇ ಬೆಳಿಗ್ಗೆಯೇ ಕಾಫಿ ಕೊಯ್ಯಲು ಆಳುಗಳು ಬಂದು ನಿಂತಿರುತ್ತಾರೆ. ಹಾಗಾಗಿ ಈ ದುಃಖ ಒಳಗೇ ಉಳಿದುಬಿಡುತ್ತದೆ. ಕೆಲವು ಕೆಲಸಗಳನ್ನು ನಾವೇ ಬೇಕೆಂದು ಮಾಡಿದರೆ ಸ್ವಲ್ಪ ಹಗುರಾಗುತ್ತದೆ.

ಮೊದಲ ಕೆಲಸ, ಮಣ್ಣು ಮಾಡುವುದು

ಆಳಿನ ಕೈಗೆ ಗುದ್ದಲಿ ಕೊಟ್ಟು ಒಳಗೆ ಕೂರಬೇಡಿ. ಮನೆಯವರೆಲ್ಲ ಹೋಗಿ, ಒಂದೊಂದು ಹಿಡಿ ಮಣ್ಣಾದರೂ ಹಾಕಿ. ಗುಂಡಿ ಕನಿಷ್ಠ 3 ಅಡಿ ಆಳ ಇರಲಿ, ಇಲ್ಲದಿದ್ದರೆ ರಾತ್ರಿಯೇ ಕಾಡುಹಂದಿ ಬಂದು ಕೆದಕುತ್ತದೆ. ಮಳೆಗಾಲದಲ್ಲಿ ಕೊಡಗಿನ ನೆಲ ಅಗೆಯುತ್ತಿದ್ದ ಹಾಗೇ ನೀರು ಒಸರುತ್ತದೆ. ಗದ್ದೆ ಬದಿ, ತೋಡಿನ ಬದಿ ಬಿಟ್ಟು, ಬಾವಿಯಿಂದ ದೂರ, ತೋಟದ ಎತ್ತರದ ಜಾಗ ನೋಡಿ. ಪ್ಲಾಸ್ಟಿಕ್ ಚೀಲ ಬೇಡ, ಹಳೇ ಹತ್ತಿ ಬೆಡ್‌ಶೀಟ್ ಸಾಕು. ಮುಚ್ಚಿದ ಮೇಲೆ ದಪ್ಪ ಕಲ್ಲುಗಳನ್ನು ಹೇರಿ.

ಒಂದು ಎಚ್ಚರಿಕೆ. ಸಾಯುವ ಮುಂಚೆ ನಾಯಿ ಜೊಲ್ಲು ಸುರಿಸಿ, ಕಂಡಕಂಡದ್ದನ್ನು ಕಚ್ಚಲು ಹೋಗಿದ್ದರೆ ಅದು ಹುಚ್ಚು ರೋಗ ಇರಬಹುದು. ಬರಿಗೈಲಿ ಮುಟ್ಟಬೇಡಿ, ಪಶುವೈದ್ಯರಿಗೆ ತಿಳಿಸಿ. ಅದು ಯಾರಿಗಾದರೂ ಕಚ್ಚಿದ್ದರೆ, ಪರಚಿದ್ದರೆ, ಗಾಯ ನೆಕ್ಕಿದ್ದರೆ ಆ ಜಾಗವನ್ನು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸಿಕೊಳ್ಳಬೇಕು.

ಚಿರತೆ ಹೊತ್ತುಕೊಂಡು ಹೋದರೆ ಮಣ್ಣು ಮಾಡಲು ದೇಹವೇ ಇರುವುದಿಲ್ಲ. ಇದು ಇನ್ನೂ ಕಷ್ಟ. ವಾರಗಟ್ಟಲೆ ಗೇಟಿನ ಕಡೆಗೇ ಕಣ್ಣು ಹೋಗುತ್ತದೆ. ಅಂಥವರು ಅದರ ಬೆಲ್ಟನ್ನೋ ಸರಪಳಿಯನ್ನೋ ಒಂದು ಮರದ ಬುಡದಲ್ಲಿ ಹೂತು, ಅಲ್ಲಿಗೆ ಹುಡುಕಾಟ ಮುಗಿಸುವುದು ಒಳ್ಳೆಯದು.

"ಮುಂಚೆನೇ ತೋರಿಸಿದ್ರೆ..."

ಈ ಮಾತು ಬಂದೇ ಬರುತ್ತದೆ. ಆದರೆ ನಾಯಿ, ಬೆಕ್ಕುಗಳು ನೋವನ್ನು ಬಚ್ಚಿಟ್ಟುಕೊಳ್ಳುತ್ತವೆ. ನಿಧಾನಕ್ಕೆ ಕೆಡುವ ಕಿಡ್ನಿಯ ಕಾಯಿಲೆ ಕಣ್ಣಿಗೆ ಬೀಳುವ ಹೊತ್ತಿಗೆ ಕಿಡ್ನಿಯ ಹೆಚ್ಚಿನ ಭಾಗ ಹೋಗಿರುತ್ತದೆ. ಉಣ್ಣಿ ಜ್ವರವೂ ಮೊದಲಿಗೆ ಸುಮ್ನೆ ಮಂಕಾಗಿದೆ ಅನ್ನಿಸುವ ಹಾಗೇ ಇರುತ್ತದೆ. ಮನಸ್ಸು ಒಪ್ಪದಿದ್ದರೆ ಚಿಕಿತ್ಸೆ ಕೊಟ್ಟ ಡಾಕ್ಟರನ್ನೇ ನೇರವಾಗಿ ಕೇಳಿ. ರಾತ್ರಿಯೆಲ್ಲ ಮೊಬೈಲಲ್ಲಿ ಹುಡುಕುವುದಕ್ಕಿಂತ ಅದು ವಾಸಿ.

ದಿನದ ಕೆಲವು ಹೊತ್ತು ಜಾಸ್ತಿ ಕಾಡುತ್ತವೆ. ಪಂದಿ ಕರಿ (ಹಂದಿ ಮಾಂಸದ ಸಾರು) ಉಂಡ ಮೇಲೆ ಕೈ ತಾನಾಗಿಯೇ ಮೂಳೆಗಳನ್ನು ತಟ್ಟೆಯ ಒಂದು ಬದಿಗೆ ಎತ್ತಿಡುತ್ತದೆ. (ಬೇಯಿಸಿದ ಮೂಳೆ ಕೊಡಬಾರದು ಅಂತ ಡಾಕ್ಟರು ಹೇಳಿರುತ್ತಾರೆ, ಕೇಳಿದವರು ಯಾರು?) ಆ ಹೊತ್ತಿಗೇ ಬೇರೆ ಕೆಲಸ ಇಟ್ಟುಕೊಳ್ಳಿ. ಸಂಜೆ ನಾಯಿಯ ಜೊತೆ ಹೋಗುತ್ತಿದ್ದ ದಾರಿಯಲ್ಲಿ ಇನ್ನೊಬ್ಬರ ಜೊತೆ ನಡೆಯಿರಿ. ಅದರ ತಟ್ಟೆ, ಗೋಣಿಚೀಲವನ್ನು ಅವತ್ತೇ ಎಸೆಯಬೇಕು ಅಂತೇನಿಲ್ಲ. ತೆಗೆಯುವಾಗ ಮನೆಯವರನ್ನು ಕೇಳಿ ತೆಗೆಯಿರಿ.

ಮಕ್ಕಳಿಗೆ ಸುಳ್ಳು ಹೇಳಬೇಡಿ

"ನಿದ್ದೆ ಮಾಡ್ತಿದೆ" ಅಂದರೆ ಚಿಕ್ಕ ಮಕ್ಕಳು ಮಲಗಲೇ ಹೆದರುತ್ತಾರೆ. "ಯಾರಿಗೋ ಕೊಟ್ಟೆವು" ಅಂದರೆ, ನಮ್ಮನ್ನೂ ಕೊಟ್ಟುಬಿಡ್ತಾರಾ ಅನ್ನುವ ಭಯ. "ಸತ್ತುಹೋಯ್ತು, ಅದರ ಮೈ ಕೆಲಸ ಮಾಡೋದು ನಿಲ್ಲಿಸ್ತು, ಇನ್ನು ವಾಪಸ್ ಬರಲ್ಲ" ಅಂತಲೇ ಹೇಳಿ. ಐದು ವರ್ಷದೊಳಗಿನವರು ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. ಪ್ರತಿ ಸಲವೂ ಅದೇ ಉತ್ತರ ಕೊಡಿ.

ಮನೆಯಲ್ಲಿ ಇನ್ನೊಂದು ನಾಯಿ ಇದ್ದರೆ ಅದೂ ಹುಡುಕುತ್ತದೆ, ಊಟ ಕಡಿಮೆ ಮಾಡುತ್ತದೆ. ಎರಡು ದಿನ ಏನೂ ತಿನ್ನದಿದ್ದರೆ ಡಾಕ್ಟರಿಗೆ ತೋರಿಸಿ. ಬೆಕ್ಕಾದರೆ ಒಂದು ದಿನಕ್ಕಿಂತ ಜಾಸ್ತಿ ಕಾಯಬೇಡಿ.

ನಿಮಗೇ ವಾರಗಟ್ಟಲೆ ನಿದ್ದೆ, ಊಟ ಸೇರದಿದ್ದರೆ, ಬದುಕೇ ಬೇಡ ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಇದು ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ, ಹಗಲೂ ರಾತ್ರಿಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. "ನಾಯಿ ಸತ್ತಿದ್ದಕ್ಕೆ" ಅಂತ ಹೇಳಲು ನಾಚಿಕೆ ಬೇಡ.

ಹೊಸ ಮರಿ ಯಾವಾಗ? ಮಕ್ಕಳ ಅಳು ನಿಲ್ಲಿಸಲು ಅಂತ ಮರುದಿನವೇ ತರುವುದು ನನಗೆ ಸರಿ ಕಾಣುವುದಿಲ್ಲ. ಹಳೆಯದು ಪಾರ್ವೊದಿಂದ (ನಾಯಿಗಳಿಗೆ ವಾಂತಿ-ಭೇದಿ ತರುವ ವೈರಸ್ ರೋಗ) ಸತ್ತಿದ್ದರಂತೂ ಅವಸರ ಬೇಡವೇ ಬೇಡ. ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಮರಿಯ ಲಸಿಕೆಗಳೆಲ್ಲ ಮುಗಿದಿದೆಯೇ ಅಂತ ಡಾಕ್ಟರನ್ನು ಕೇಳಿಕೊಂಡೇ ಮನೆಗೆ ತನ್ನಿ.