ಹಳೇ ಆಕ್ಟೇವಿಯಾ 1.8 ಟರ್ಬೊಗೆ ಮ್ಯಾನುಯಲ್ ಬೂಸ್ಟ್ ಕಂಟ್ರೋಲರ್ ಹಾಕೋ ವಿಧಾನ

ಬೂಸ್ಟ್ ಅಂದ್ರೆ ಟರ್ಬೊ ಇಂಜಿನ್ ಒಳಗೆ ತುಂಬೋ ಗಾಳಿಯ ಪ್ರೆಶರು. ಬೂಸ್ಟ್ ಕಂಟ್ರೋಲರ್ ಹಾಕ್ಸಿದ್ರೆ ಸಾಕು ಪವರ್ ಬಂತು ಅಂತ ತುಂಬಾ ಜನ ಅನ್ಕೊಂಡಿರ್ತಾರೆ, ಆದ್ರೆ ಅದು ಮಾಡೋ ಕೆಲ್ಸ ಒಂದೇ, ವೇಸ್ಟ್‌ಗೇಟ್ (ಟರ್ಬೊದ ಎಕ್ಸಾಸ್ಟ್ ಕಡೆ ಇರೋ ಸಣ್ಣ ಬಾಗಿಲು) ತೆಗೆಯೋ ಆಕ್ಚುಯೇಟರ್‌ಗೆ ಹೋಗೋ ಪ್ರೆಶರನ್ನ ನಾವು ಹೇಳಿದ ಲೆವೆಲ್ ಬರೋವರೆಗೂ ತಡೆದು ಹಿಡಿಯೋದು. ಆಕ್ಚುಯೇಟರ್ ಒಳಗೆ ಒಂದು ಡಯಾಫ್ರಾಮು ಒಂದು ಸ್ಪ್ರಿಂಗು ಇರುತ್ತೆ, ಟರ್ಬೊ ಕಡೆಯಿಂದ ಪ್ರೆಶರ್ ಬಂದಾಗ ಸ್ಪ್ರಿಂಗ್ ಸೋತು ವೇಸ್ಟ್‌ಗೇಟ್ ತೆಗೆಯುತ್ತೆ, ಎಕ್ಸಾಸ್ಟ್ ಗ್ಯಾಸ್ ಟರ್ಬೈನ್ ಬಿಟ್ಟು ಪಕ್ಕದಿಂದ ಹೊರಟೋಗುತ್ತೆ, ಬೂಸ್ಟ್ ಅಲ್ಲಿಗೆ ನಿಲ್ಲುತ್ತೆ. ಮ್ಯಾನುಯಲ್ ಕಂಟ್ರೋಲರ್‌ನಲ್ಲಿ ಇರೋದು ಒಂದು ಬಾಲು, ಒಂದು ಸ್ಪ್ರಿಂಗು, ಒಂದು ಸ್ಕ್ರೂ, ಅಷ್ಟೇ. ಹೆಚ್ಚಾದ ಗಾಳಿಗೆ ತಕ್ಕ ಪೆಟ್ರೋಲು, ತಕ್ಕ ಇಗ್ನಿಷನ್ ಟೈಮಿಂಗ್ ಕೊಡೋದು ಅದರ ಕೈಲಿಲ್ಲ, ಅದನ್ನ ನೋಡ್ಕೊಳ್ಳೋದು ನಮ್ಮ ಜವಾಬ್ದಾರಿ.

ಇಲ್ಲಿ ನಾನು ಇಟ್ಕೊಂಡಿರೋದು ಹಳೇ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 1.8 ಲೀಟರ್ 20 ವಾಲ್ವ್ ಟರ್ಬೊ ಪೆಟ್ರೋಲು, 150 ಎಚ್‌ಪಿ. ಈಗಿನ ಹೊಸ ಟರ್ಬೊ ಪೆಟ್ರೋಲ್ ಕಾರುಗಳಿಗೆ ಇದನ್ನ ಹಾಕ್ಬೇಡಿ, ಅವಕ್ಕೆ ರಿಮ್ಯಾಪೇ (ಇಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾಯಿಸೋದು) ಸರಿ. ವಿಜಿಟಿ (ವೇರಿಯಬಲ್ ಜಿಯೊಮೆಟ್ರಿ ಟರ್ಬೊ) ಡೀಸೆಲ್‌ಗಳಿಗಂತೂ ಬೇಡ್ವೇ ಬೇಡ, ಅಲ್ಲಿ ವೇಸ್ಟ್‌ಗೇಟೇ ಇರಲ್ಲ, ಟರ್ಬೈನ್ ಸುತ್ತ ಇರೋ ರೆಕ್ಕೆಗಳು ತಿರುಗಿ ಬೂಸ್ಟ್ ಕಂಟ್ರೋಲ್ ಆಗುತ್ತೆ.

ಮೊದ್ಲು ಕಾರಿನ ಆರೋಗ್ಯ ನೋಡಿ. ಇಷ್ಟು ವರ್ಷ ಆದ ಕಾರಲ್ಲಿ ವ್ಯಾಕ್ಯೂಮ್ ಪೈಪುಗಳು ಬಿರುಕು ಬಿಟ್ಟಿರ್ತವೆ, ಅದಕ್ಕೆ ಸ್ಮೋಕ್ ಟೆಸ್ಟ್ (ಪೈಪುಗಳಿಗೆ ಹೊಗೆ ಬಿಟ್ಟು ಲೀಕ್ ಹುಡುಕೋದು) ಮಾಡ್ಸಿ, ಕಂಪ್ರೆಷನ್ ಚೆಕ್ ಮಾಡ್ಸಿ, ಸ್ಪಾರ್ಕ್ ಪ್ಲಗ್ ಹೊಸದು ಹಾಕ್ಸಿ, ಸ್ಕ್ಯಾನರ್ ಹಾಕಿ ಒಂದೂ ಕೋಡ್ ಇಲ್ಲ ಅಂತ ಖಾತ್ರಿ ಆದ್ಮೇಲೆ ಮುಂದಕ್ಕೆ ಹೋಗಿ. ಆಮೇಲೆ ಬೂಸ್ಟ್ ಗೇಜು. ಗೇಜ್ ಇಲ್ದೆ ಕಂಟ್ರೋಲರ್ ಹಾಕೋದು ಕಣ್ಣು ಕಟ್ಕೊಂಡು ಘಾಟಿ ಇಳಿದ ಹಾಗೆ. ಗೇಜಿನ ಪೈಪನ್ನ ಥ್ರಾಟಲ್ ಆದ್ಮೇಲೆ, ಇಂಟೇಕ್ ಮ್ಯಾನಿಫೋಲ್ಡಿಂದ ಬರೋ ಲೈನಿಗೆ ಟಿ ಹಾಕಿ ತಗೊಳ್ಳಿ. ದುಡ್ಡಿದ್ರೆ ವೈಡ್‌ಬ್ಯಾಂಡ್ ಎಎಫ್‌ಆರ್ ಮೀಟರ್ (ಗಾಳಿ-ಪೆಟ್ರೋಲ್ ಅನುಪಾತ ತೋರಿಸೋದು) ಕೂಡ ಹಾಕ್ಸಿ, ನನ್ನ ಪ್ರಕಾರ ಕಂಟ್ರೋಲರ್‌ಗಿಂತ ಮೊದ್ಲು ಬರ್ಬೇಕಾದ ಸಾಮಾನು ಅದೇ.

ಈಗ ಫಿಟ್ಟಿಂಗ್. ಇಂಜಿನ್ ಪೂರ್ತಿ ತಣ್ಣಗಾಗಿರ್ಲಿ, ಯಾಕಂದ್ರೆ ಈ ಕಾರಲ್ಲಿ ಟರ್ಬೊ ಇಂಜಿನ್ ಹಿಂದೆ ಫೈರ್‌ವಾಲ್ ಕಡೆ ಇದೆ, ಕೈ ಹಾಕೋಕೆ ಜಾಗ ಕಮ್ಮಿ, ಸುಟ್ಕೊಳ್ಳೋದು ಸುಲಭ. ಏರ್ ಫಿಲ್ಟರಿಂದ ಟರ್ಬೊಗೆ ಹೋಗೋ ದಪ್ಪ ಇಂಟೇಕ್ ಪೈಪ್ ಹತ್ರ ಎನ್75 ಅನ್ನೋ ವಾಲ್ವ್ ಸಿಗುತ್ತೆ, ಕಂಪನಿಯಿಂದ ಬಂದ ಬೂಸ್ಟ್ ಕಂಟ್ರೋಲ್ ವಾಲ್ವ್ ಅದೇ, ಅದಕ್ಕೆ ಮೂರು ಪೈಪು: ಒಂದು ಟರ್ಬೊ ಕಂಪ್ರೆಸರ್ ಕಡೆಯಿಂದ ಬರೋದು, ಒಂದು ಆಕ್ಚುಯೇಟರ್‌ಗೆ ಹೋಗೋದು, ಒಂದು ಆ ಇಂಟೇಕ್ ಪೈಪಿಗೇ ವಾಪಸ್ ಹೋಗೋದು. ಬಿಚ್ಚೋ ಮುಂಚೆ ಮೂರಕ್ಕೂ ಬೇರೆ ಬೇರೆ ಟೇಪ್ ಸುತ್ತಿ ಫೋಟೋ ತಗೊಳ್ಳಿ.

ಕಂಪ್ರೆಸರ್ ಪೈಪನ್ನ ಕಂಟ್ರೋಲರಿನ ಇನ್ ಕಡೆಗೆ, ಆಕ್ಚುಯೇಟರ್ ಪೈಪನ್ನ ಔಟ್ ಕಡೆಗೆ ಹಾಕಿ. ಔಟ್ ಕಡೆ ಒಂದು ಸಣ್ಣ ತೂತು ಇರುತ್ತೆ, ಅದನ್ನ ಲೀಕ್ ಅಂತ ಅನ್ಕೊಂಡು ಮುಚ್ಬೇಡಿ, ಆಕ್ಸಿಲರೇಟರ್ ಬಿಟ್ಟಾಗ ಪೈಪಲ್ಲಿ ಸಿಕ್ಕಾಕ್ಕೊಂಡ ಪ್ರೆಶರ್ ಹೊರಗೆ ಹೋಗೋದು ಅಲ್ಲಿಂದ್ಲೇ. ಇಂಟೇಕ್ ಪೈಪಲ್ಲಿ ಖಾಲಿ ಉಳಿದ ನಿಪ್ಪಲನ್ನ ಮಾತ್ರ ಗಟ್ಟಿಯಾಗಿ ಮುಚ್ಚಲೇಬೇಕು, ಅದು ಏರ್ ಮಾಸ್ ಸೆನ್ಸರ್ ಆದ್ಮೇಲೆ ಇರೋ ಜಾಗ, ತೆರೆದಿದ್ರೆ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗಿ ಮಿಕ್ಸ್ಚರ್ ಕೆಡುತ್ತೆ. ಎನ್75ರ ಎಲೆಕ್ಟ್ರಿಕ್ ಪ್ಲಗ್ ಹಾಗೇ ಸಿಕ್ಕಿಸಿಟ್ಟಿರಿ, ಇಲ್ದಿದ್ರೆ ಚೆಕ್ ಇಂಜಿನ್ ಲೈಟ್ ಬರುತ್ತೆ.

ಪೈಪಿನ ವಿಷ್ಯದಲ್ಲಿ ಜಿಪುಣತನ ಬೇಡ. ಒಳ್ಳೆ ದಪ್ಪ ಗೋಡೆಯ ಪೈಪ್ ತಗೊಳ್ಳಿ, ಎಷ್ಟು ಚಿಕ್ಕದಾಗಿ ಸಾಧ್ಯವೋ ಅಷ್ಟು ಚಿಕ್ಕದಾಗಿ ಕತ್ತರಿಸಿ, ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ತಾಗದ ಹಾಗೆ ಎಳೀರಿ, ಪ್ರತಿ ಜಾಯಿಂಟಿಗೂ ಕ್ಲಿಪ್ ಹಾಕಿ. ಆಕ್ಚುಯೇಟರ್ ಕಡೆ ಪೈಪ್ ಕಳಚಿ ಬಿದ್ರೆ ವೇಸ್ಟ್‌ಗೇಟ್ ತೆರೆಯೋದೇ ಇಲ್ಲ, ಬೂಸ್ಟ್ ಏರ್ತಾನೇ ಹೋಗುತ್ತೆ, ಈ ಇಡೀ ಕೆಲ್ಸದಲ್ಲಿ ಇಂಜಿನ್ ಹಾಳಾಗೋ ದಾರಿ ಮುಖ್ಯವಾಗಿ ಇದೇ.

ಸೆಟ್ಟಿಂಗ್ ಶುರು ಮಾಡೋವಾಗ ಸ್ಕ್ರೂ ಪೂರ್ತಿ ಸಡಿಲ ಇರ್ಲಿ. ಸಾಮಾನ್ಯವಾಗಿ ಬಲಕ್ಕೆ ತಿರುಗಿಸಿದ್ರೆ ಬೂಸ್ಟ್ ಜಾಸ್ತಿ, ಆದ್ರೂ ನಿಮ್ಮ ಕಂಟ್ರೋಲರಿನ ಚೀಟಿ ಓದಿ. ಇಂಜಿನ್ ಬಿಸಿ ಆದ್ಮೇಲೆ ಖಾಲಿ ಇರೋ ನೇರ ಜಾಗದಲ್ಲಿ, ಸಾಧ್ಯ ಆದ್ರೆ ಟ್ರ್ಯಾಕಲ್ಲಿ ಅಥವಾ ಡೈನೋ (ಕಾರನ್ನ ನಿಂತಲ್ಲೇ ಓಡಿಸಿ ಪವರ್ ಅಳೆಯೋ ಮೆಷಿನ್) ಮೇಲೆ, 3ನೇ ಗೇರಲ್ಲಿ 2500 ಆರ್‌ಪಿಎಂನಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ, ಗೇಜು ಲ್ಯಾಪ್‌ಟಾಪು ನೋಡೋಕೆ ಪಕ್ಕದಲ್ಲಿ ಇನ್ನೊಬ್ರು ಕೂತಿರ್ಲಿ. ಈ ಕಾರಿನ ಡಯಾಗ್ನೋಸ್ಟಿಕ್ ಸಾಫ್ಟ್‌ವೇರಲ್ಲಿ 115ನೇ ಗ್ರೂಪಲ್ಲಿ ಇಸಿಯು (ಇಂಜಿನ್ ಕಂಪ್ಯೂಟರ್) ಕೇಳಿದ ಬೂಸ್ಟು ನಿಜವಾಗಿ ಬಂದ ಬೂಸ್ಟು ಎರಡೂ ಕಾಣುತ್ತೆ, 020ರಲ್ಲಿ ನಾಕಿಂಗಿಗೆ (ಸಿಲಿಂಡರ್ ಒಳಗೆ ಪೆಟ್ರೋಲ್ ಹೊತ್ತುಗೊತ್ತಿಲ್ದೆ ಸಿಡಿಯೋದು) ಪ್ರತಿ ಸಿಲಿಂಡರಲ್ಲಿ ಟೈಮಿಂಗ್ ಎಷ್ಟು ಡಿಗ್ರಿ ಹಿಂದಕ್ಕೆ ಎಳೆದಿದೆ ಅಂತ ಕಾಣುತ್ತೆ. ಅಲ್ಲೊಂದು ಇಲ್ಲೊಂದು 3 ಡಿಗ್ರಿ ಬಂದ್ರೆ ತೊಂದ್ರೆ ಇಲ್ಲ, 6ರ ಮೇಲೆ ಹೋಗ್ತಿದ್ರೆ ಅಲ್ಲೇ ನಿಲ್ಸಿ ಸ್ಕ್ರೂ ವಾಪಸ್ ತಿರುಗಿಸಿ. ಎಎಫ್‌ಆರ್ ಪೂರ್ತಿ ಬೂಸ್ಟಲ್ಲಿ 12ರ ಆಸುಪಾಸು ಇರ್ಬೇಕು, 13ರ ಕಡೆ ಏರಿದ್ರೆ ತಕ್ಷಣ ಕಾಲು ತೆಗೀರಿ.

ಒಂದು ಸಲಕ್ಕೆ ಕಾಲು ಸುತ್ತು ಮಾತ್ರ ತಿರುಗಿಸಿ, ಮತ್ತೆ ಟೆಸ್ಟ್ ಮಾಡಿ. 3ನೇ ಗೇರಲ್ಲಿ ಸೆಟ್ ಮಾಡಿದ್ದನ್ನ 4ರಲ್ಲೂ ನೋಡ್ಲೇಬೇಕು, ಲೋಡ್ ಜಾಸ್ತಿ ಆಗೋದ್ರಿಂದ ಅಲ್ಲಿ ಬೂಸ್ಟ್ ಸ್ವಲ್ಪ ಮೇಲೆ ಹೋಗ್ಬಹುದು. ಇಸಿಯು ಕೇಳಿದ್ದಕ್ಕಿಂತ ತುಂಬಾ ಮೇಲೆ ಹೋದ್ರೆ ಥ್ರಾಟಲ್ ತಾನಾಗೇ ಮುಚ್ಚಿ ಕಾರು ಲಿಂಪ್ ಮೋಡಿಗೆ (ಇಂಜಿನ್ ಕಾಪಾಡೋಕೆ ಪವರ್ ಕಡಿಮೆ ಮಾಡೋ ಸ್ಥಿತಿ) ಬೀಳುತ್ತೆ, ಹಾಗಾದ್ರೆ ಮೋಸದ ವೈರಿಂಗ್ ಮಾಡಿ ಸೆನ್ಸರ್‌ನ ಯಾಮಾರಿಸೋಕೆ ಹೋಗ್ಬೇಡಿ, ಅದು ನಿಮ್ಮ ಪಿಸ್ಟನ್ ಕಾಪಾಡ್ತಿರೋ ಕೊನೇ ಕಾವಲು. ಸ್ಟಾಕ್ ಟರ್ಬೊ ಸಣ್ಣದು, 1 ಬಾರ್ ಅಂದ್ರೆ 14.5 ಪಿಎಸ್‌ಐ ದಾಟಿಸೋಕೆ ನೋಡಿದ್ರೆ ಮೇಲಿನ ಆರ್‌ಪಿಎಂನಲ್ಲಿ ಬರೀ ಬಿಸಿ ಗಾಳಿ ಸಿಗುತ್ತೆ. ಪೆಟ್ರೋಲ್ 95 ಆಕ್ಟೇನಿಗಿಂತ ಕಮ್ಮಿ ಬೇಡ, 91ರದ್ದು ಹಾಕಿ ಬೂಸ್ಟ್ ಏರಿಸೋದು ನಾಕಿಂಗನ್ನ ಕರೆದು ಕೂರಿಸಿದ ಹಾಗೇ.

ಬೆಂಗಳೂರಲ್ಲಿ ಸೆಟ್ ಮಾಡೋರು ಇನ್ನೊಂದು ವಿಷ್ಯ ಗಮನಿಸಿ. ಇಲ್ಲಿ ಸುಮಾರು 900 ಮೀಟರ್ ಎತ್ತರ, ಹೊರಗಿನ ಗಾಳಿ ಪ್ರೆಶರೇ 0.9 ಬಾರ್ ಆಸುಪಾಸು. ಮ್ಯಾನುಯಲ್ ಕಂಟ್ರೋಲರ್ ಹೊರಗಿನ ಗಾಳಿಗೆ ಹೋಲಿಸಿ ಕೆಲ್ಸ ಮಾಡೋದ್ರಿಂದ ಶಿರಾಡಿ ಇಳಿದು ಮಂಗಳೂರಿಗೆ ಹೋದಾಗ ಗೇಜಲ್ಲಿ ಅದೇ ನಂಬರ್ ಕಂಡ್ರೂ ಸಿಲಿಂಡರಿಗೆ ಹೋಗೋ ಒಟ್ಟು ಪ್ರೆಶರ್ 0.1 ಬಾರ್‌ನಷ್ಟು ಹೆಚ್ಚಿರುತ್ತೆ, ಲಿಂಪ್ ಮೋಡಿನ ಅಂಚಿಗೇ ಸೆಟ್ ಮಾಡಿದ್ರೆ ಅಲ್ಲಿ ತಗಲಾಕ್ಕೊಳ್ತೀರಿ. ಅದಕ್ಕೆ ಯಾವಾಗ್ಲೂ ಆ ಅಂಚಿಗಿಂತ 2 ಪಿಎಸ್‌ಐ ಕೆಳಗೇ ನಿಲ್ಸಿ ಲಾಕ್ ನಟ್ ಬಿಗಿ ಮಾಡಿ.

ಕಾನೂನು ಕೂಡ ತಿಳ್ಕೊಂಡಿರಿ, ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ ಪ್ರಕಾರ ಅನುಮತಿ ಇಲ್ದ ಪ್ರತಿ ಬದಲಾವಣೆಗೂ 5000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲೂ ಆಗ್ಬಹುದು, ಇನ್ಶೂರೆನ್ಸ್‌ನೋರಿಗೆ ಹೇಳ್ದೆ ಇದ್ರೆ ಕ್ಲೇಮ್ ಟೈಮಲ್ಲಿ ತಕರಾರು ಬರುತ್ತೆ.

ಒಂದು ವಾರ ಓಡಿಸಿದ್ಮೇಲೆ ಬಾನೆಟ್ ತೆಗೆದು ಎಲ್ಲಾ ಕ್ಲಿಪ್ ಇನ್ನೊಮ್ಮೆ ನೋಡಿ. ಹಳೇ ಪೈಪುಗಳನ್ನ ಡಿಕ್ಕೀಲಿ ಇಟ್ಟಿರಿ, ದಾರೀಲಿ ಕಂಟ್ರೋಲರ್ ಕೈಕೊಟ್ರೆ ಕಂಪ್ರೆಸರ್‌ನಿಂದ ಆಕ್ಚುಯೇಟರ್‌ಗೆ ನೇರ ಪೈಪ್ ಹಾಕಿದ್ರೆ ಬರೀ ಆಕ್ಚುಯೇಟರ್ ಸ್ಪ್ರಿಂಗಿನ 5-6 ಪಿಎಸ್‌ಐ ಮೇಲೆ ಆರಾಮಾಗಿ ಮನೆಗೆ ಬರ್ಬಹುದು.