ಆಲ್ಬಮ್ಮಿನ ಹಿಂಬದಿ ಓದುವ ಚಟ

ಒಂದು ಹಾಡು ತುಂಬಾ ಹಿಡಿಸಿದರೆ ನಾನು ಮೊದಲು ಮಾಡುವುದು ಅದರ ಕ್ರೆಡಿಟ್ಸ್ ಓದುವ ಕೆಲಸ. ರೆಕಾರ್ಡ್ ಮಾಡಿದ್ದು ಯಾರು, ಲೇಬಲ್, ಅಂದರೆ ಆಲ್ಬಮ್ ಹೊರತಂದ ಕಂಪನಿ ಯಾವುದು, ಡ್ರಮ್ಸ್ ಯಾರದು, ಕೊನೆಯಲ್ಲಿ ಯಾರ್‍ಯಾರಿಗೆ ಥ್ಯಾಂಕ್ಸ್ ಹೇಳಿದ್ದಾರೆ. ಹೆಸರೇ ಕೇಳಿರದ ಬ್ಯಾಂಡುಗಳು ನಿನಗೆ ಎಲ್ಲಿ ಸಿಗುತ್ತವೆ ಮಾರಾಯ ಎಂದು ಗೆಳೆಯರು ಕೇಳುತ್ತಿರುತ್ತಾರೆ. ಎಲ್ಲವೂ ಅಲ್ಲೇ ಸಿಗುತ್ತವೆ. ಸಂಗೀತ ಮಾಡುವವರು ತಾವು ಯಾರನ್ನು ಕೇಳುತ್ತಿದ್ದರು, ಯಾರ ಜೊತೆ ಕೆಲಸ ಮಾಡಿದರು ಎಂದು ನೋಡುತ್ತಾ ಹೋಗುತ್ತೇನೆ.

ಆ್ಯಪ್‌ಗಳ ಮೇಲೆ ನನಗೆ ಸಿಟ್ಟೇನಿಲ್ಲ, ದಿನಾ ಬಳಸುತ್ತೇನೆ. ಆದರೆ ಅವು ಸೂಚಿಸುವ ಹಾಡುಗಳು ಬಹುಪಾಲು, ಇದನ್ನು ಕೇಳಿದವರು ಇನ್ನೇನು ಕೇಳಿದರು ಎಂಬ ಲೆಕ್ಕದಿಂದ ಬರುತ್ತವೆ. ಯಾರೂ ಕೇಳದ ಬ್ಯಾಂಡು ಆ ಲೆಕ್ಕಕ್ಕೆ ಸಿಗುವುದು ಕಷ್ಟ. ಲೆಕ್ಕಕ್ಕೆ ಸಿಗಲಿಲ್ಲ ಅಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕಣ್ಣಿಗೆ ಬೀಳದ್ದನ್ನು ಕೇಳುವವರು ಯಾರು? ಹಾಗಾಗಿ ಬೇರೆ ದಾರಿ ಹಿಡಿಯಲೇಬೇಕು.

ನನಗೆ ಈ ಚಟ ಹತ್ತಿಸಿದ್ದು ಒಬ್ಬ ಸೌಂಡ್ ಎಂಜಿನಿಯರ್. ಜರ್ಮನಿಯ ಕಾನಿ ಪ್ಲಾಂಕ್. ಅಲ್ಟ್ರಾವಾಕ್ಸ್ ಬ್ಯಾಂಡಿನ 1980ರ 'ವಿಯೆನ್ನಾ' ಆಲ್ಬಮ್ ಅವರದೇ ನಿರ್ಮಾಣ. ಜರ್ಮನಿಯ ಎಲೆಕ್ಟ್ರಾನಿಕ್ ಬ್ಯಾಂಡು ಕ್ರಾಫ್ಟ್‌ವರ್ಕ್‌ನ 1974ರ 'ಆಟೋಬಾನ್' ಆಲ್ಬಮ್ ಹಿಂದೆಯೂ ಇದೇ ಹೆಸರಿದೆ. ಇವೆರಡು ಅನೇಕರಿಗೆ ಗೊತ್ತು. ಆದರೆ ಪ್ಲಾಂಕ್ ಹೆಸರು ಹಿಡಿದು ಇನ್ನೂ ಹಿಂದಕ್ಕೆ ಹೋದರೆ ನೊಯ್, ಕ್ಲಸ್ಟರ್, ಹಾರ್ಮೋನಿಯಾ ಅಂತ ಬೇರೆಯದೇ ಒಂದು ಲೋಕ ತೆರೆದುಕೊಳ್ಳುತ್ತದೆ.

ನೊಯ್ ಅಂದರೆ ಇಬ್ಬರೇ. ಕ್ಲಾಸ್ ಡಿಂಗರ್ ಮತ್ತು ಮೈಕೆಲ್ ರೋಥರ್. ಸ್ವಲ್ಪ ಕಾಲ ಕ್ರಾಫ್ಟ್‌ವರ್ಕ್‌ನಲ್ಲಿದ್ದು ಹೊರಬಂದವರು. ಡಿಂಗರ್ ಬಾರಿಸುವ ತಾಳ ಬದಲಾಗುವುದೇ ಇಲ್ಲ. ನೇರವಾಗಿ, ಒಂದೇ ವೇಗದಲ್ಲಿ, ಹತ್ತು ನಿಮಿಷ ಹಾಗೇ ಸಾಗುತ್ತದೆ. ಅದರ ಮೇಲೆ ರೋಥರ್ ಗಿಟಾರ್ ತೇಲಿಕೊಂಡು ಹೋಗುತ್ತದೆ. ಮೊದಲ ಎರಡು ನಿಮಿಷ ಏನಪ್ಪಾ ಇದು ಅನಿಸುತ್ತದೆ. ಐದನೇ ನಿಮಿಷಕ್ಕೆ ಕಾಲು ತಾನಾಗಿ ಕುಣಿಯುತ್ತಿರುತ್ತದೆ. 1973ರಲ್ಲಿ ಎರಡನೇ ಆಲ್ಬಮ್ ಮಾಡುವಾಗ ಅರ್ಧದಲ್ಲೇ ದುಡ್ಡು ಮುಗಿಯಿತು. ಆಗ ಇವರು ತಮ್ಮದೇ ಹಳೆಯ ಸಿಂಗಲ್‌ನ ಎರಡು ಹಾಡುಗಳನ್ನು ರೆಕಾರ್ಡ್ ಪ್ಲೇಯರ್‌ನಲ್ಲಿ ಒಮ್ಮೆ ನಿಧಾನವಾಗಿ, ಒಮ್ಮೆ ಜೋರಾಗಿ ತಿರುಗಿಸಿ, ಅದನ್ನೇ ರೆಕಾರ್ಡ್ ಮಾಡಿ ಎರಡನೇ ಬದಿ ತುಂಬಿಸಿದರು. ಆಗ ಬೈಸಿಕೊಂಡದ್ದನ್ನು ಈಗ ರೀಮಿಕ್ಸ್‌ನ ಮುನ್ಸೂಚನೆ ಎಂದು ಹೊಗಳುತ್ತಾರೆ. ನನ್ನ ಕೇಳಿದರೆ ಆ ಬದಿ ಕೇಳಲು ಅಷ್ಟೇನೂ ಚೆನ್ನಾಗಿಲ್ಲ, ಕಥೆ ಚೆನ್ನಾಗಿದೆ. ಮೊದಲ ಬದಿ ಮಾತ್ರ ಬಿಡಬೇಡಿ. ಹಾರ್ಮೋನಿಯಾದಲ್ಲಿ ಇದೇ ರೋಥರ್ ಕ್ಲಸ್ಟರ್‌ನ ಇಬ್ಬರ ಜೊತೆ ಸೇರಿಕೊಂಡರು. 1976ರಲ್ಲಿ ಇಂಗ್ಲೆಂಡಿನ ಸಂಗೀತಗಾರ ಬ್ರಯಾನ್ ಈನೋ ಇವರನ್ನು ಹುಡುಕಿಕೊಂಡು ಬಂದು ಜೊತೆಗೆ ರೆಕಾರ್ಡ್ ಮಾಡಿದರು. ಆ ಟೇಪ್ ಹೊರಬಂದದ್ದು 1997ರಲ್ಲಿ!

ಎರಡನೇ ದಾರಿ ಇನ್ನೂ ಸುಲಭ. ದೊಡ್ಡ ಬ್ಯಾಂಡು ಬೇರೆಯವರ ಹಾಡು ಹಾಡಿದಾಗ, ಮೂಲ ಯಾರದು ಎಂದು ನೋಡುವುದು. ನಿರ್ವಾಣ ಬ್ಯಾಂಡ್ 1993ರಲ್ಲಿ ಎಂಟಿವಿ ಅನ್‌ಪ್ಲಗ್ಡ್ ಎಂಬ ಟಿವಿ ಕಾರ್ಯಕ್ರಮದಲ್ಲಿ ನುಡಿಸಿದ್ದನ್ನು ಕೋಟ್ಯಂತರ ಜನ ನೋಡಿದ್ದಾರೆ. ಅದರಲ್ಲಿ ಮೂರು ಹಾಡು ಮೀಟ್ ಪಪೆಟ್ಸ್ ಎಂಬ ಬ್ಯಾಂಡಿನವು. ಒಂದು ಗ್ಲಾಸ್ಗೋದ ವ್ಯಾಸಲೀನ್ಸ್ ಅವರದು. ನಿರ್ವಾಣದ ಹಾಡುಗಾರ ಕರ್ಟ್ ಕೋಬೇನ್‌ಗೆ ಈ ವಿಷಯದಲ್ಲಿ ಹುಚ್ಚೇ ಇತ್ತು. ಲಂಡನ್ನಿನ ಒಂದು ರೆಕಾರ್ಡ್ ಅಂಗಡಿಗೆ ಹೋಗಿ ರೇನ್‌ಕೋಟ್ಸ್ ಎಂಬ ಬ್ಯಾಂಡಿನ ಮೊದಲ ಆಲ್ಬಮ್ ಕೇಳಿದ್ದು, ಅಲ್ಲಿದ್ದವರು ಆ ಬ್ಯಾಂಡಿನ ಅನಾ ಡ ಸಿಲ್ವಾ ಕೆಲಸ ಮಾಡುತ್ತಿದ್ದ ಹಳೆಯ ಸಾಮಾನಿನ ಅಂಗಡಿಯ ದಾರಿ ತೋರಿಸಿದ್ದು, ಇದನ್ನೆಲ್ಲ ಕೋಬೇನ್ ಅವರೇ ನಿರ್ವಾಣದ 1992ರ 'ಇನ್ಸೆಸ್ಟಿಸೈಡ್' ಆಲ್ಬಮ್ಮಿನ ಟಿಪ್ಪಣಿಯಲ್ಲಿ ಬರೆದಿದ್ದಾರೆ. ಮರುವರ್ಷವೇ ರೇನ್‌ಕೋಟ್ಸ್ ಆಲ್ಬಮ್ ಮತ್ತೆ ಅಚ್ಚಾಯಿತು. ನೋಡಿ, ಒಂದು ಪುಟದ ಟಿಪ್ಪಣಿ ಎಷ್ಟು ಕೆಲಸ ಮಾಡಿತು!

ಕೋಬೇನ್ ತಮ್ಮ ಮೆಚ್ಚಿನ ಆಲ್ಬಮ್ಮುಗಳ ಪಟ್ಟಿಯಲ್ಲಿ ಬರೆದುಕೊಂಡಿದ್ದ ಇನ್ನೊಂದು ಹೆಸರು, ಯಂಗ್ ಮಾರ್ಬಲ್ ಜೈಂಟ್ಸ್ ಅವರ 'ಕಲಾಸಲ್ ಯೂತ್'. ಈ ಬರಹದಲ್ಲಿ ಒಂದೇ ಒಂದು ಆಲ್ಬಮ್ ಹೇಳು ಅಂದರೆ ನಾನು ಇದನ್ನೇ ಹೇಳುತ್ತೇನೆ. ವೇಲ್ಸ್‌ನ ಕಾರ್ಡಿಫ್‌ನವರು. ಇಬ್ಬರು ಅಣ್ಣತಮ್ಮಂದಿರು, ಹಾಡಲು ಆಲಿಸನ್ ಸ್ಟಾಟನ್. ಡ್ರಮ್ಮರ್ ಇಲ್ಲ. ಡ್ರಮ್ ಮಷೀನಿನ ಸದ್ದನ್ನು ಕ್ಯಾಸೆಟ್‌ಗೆ ತುಂಬಿಕೊಂಡು, ಅದನ್ನು ಹಾಕಿ ಜೊತೆಗೆ ನುಡಿಸುತ್ತಿದ್ದರು. ಪಂಕ್ ಬ್ಯಾಂಡುಗಳೆಲ್ಲ ಕಿವಿ ತೂತು ಬೀಳುವ ಹಾಗೆ ಬಾರಿಸುತ್ತಿದ್ದ ಆ 1980ರಲ್ಲಿ ಇವರದು ಪಿಸುಮಾತು. ಬೇಸ್ ಗಿಟಾರಿನ ನಾಲ್ಕು ಸ್ವರ, ತಟ್ಟಿ ತಟ್ಟಿ ನಿಲ್ಲುವ ಗಿಟಾರ್, ಸ್ವಲ್ಪ ಆರ್ಗನ್. ಸ್ಟಾಟನ್ ದನಿಯಲ್ಲಿ ನಾಟಕವೇ ಇಲ್ಲ. ಪಕ್ಕದಲ್ಲಿ ಕೂತು ತಮ್ಮಷ್ಟಕ್ಕೆ ಹಾಡಿಕೊಳ್ಳುತ್ತಿದ್ದಾರೆ ಅನಿಸುತ್ತದೆ. ಪೂರ್ಣ ಪ್ರಮಾಣದ ಆಲ್ಬಮ್ ಅಂತ ಮಾಡಿದ್ದು ಅದೊಂದೇ. ಇನ್ನೊಂದು ಮಾಡಿದ್ದರೆ ಇಷ್ಟು ಚೆನ್ನಾಗಿ ಇರುತ್ತಿತ್ತೋ ಇಲ್ವೋ, ಯಾರಿಗೆ ಗೊತ್ತು.

ಇಷ್ಟು ಒಳ್ಳೆಯ ಬ್ಯಾಂಡುಗಳು ಯಾಕೆ ಹೆಸರು ಮಾಡಲಿಲ್ಲ? ಕಾಲಕ್ಕಿಂತ ಮುಂದಿದ್ದರು ಎಂದು ಎಲ್ಲರೂ ಹೇಳುತ್ತಾರೆ. ನನಗೆ ಆ ಮಾತಿನಲ್ಲಿ ಅಷ್ಟು ನಂಬಿಕೆ ಇಲ್ಲ. ಕೆದಕಿ ನೋಡಿದರೆ ಕಾರಣ ಬಹಳ ಸಲ ಗೋದಾಮು, ಲಾರಿ, ಒಪ್ಪಂದದ ಕಾಗದ, ಇಂಥವೇ.

ಮೆಂಫಿಸ್‌ನ ಬಿಗ್ ಸ್ಟಾರ್ ನೋಡಿ. ಅದರ ಅಲೆಕ್ಸ್ ಚಿಲ್ಟನ್ ಹದಿನಾರನೇ ವಯಸ್ಸಿಗೇ ಬಾಕ್ಸ್ ಟಾಪ್ಸ್ ಎಂಬ ಬ್ಯಾಂಡಿನಲ್ಲಿ ಹಾಡಿ ಅಮೆರಿಕದಲ್ಲಿ ನಂಬರ್ ಒನ್ ಹಿಟ್ ಕೊಟ್ಟಿದ್ದರು. 1972ರಲ್ಲಿ ಬಿಗ್ ಸ್ಟಾರ್‌ನ ಮೊದಲ ಆಲ್ಬಮ್ ಬಂತು. ಪತ್ರಿಕೆಗಳು ಹೊಗಳಿದವು. ಓದಿದವರು ಅಂಗಡಿಗೆ ಹೋದರೆ ಆಲ್ಬಮ್ಮೇ ಇಲ್ಲ! ಹಂಚಬೇಕಾದ ಸ್ಟ್ಯಾಕ್ಸ್ ಕಂಪನಿಗೆ ಅದನ್ನು ಅಂಗಡಿಗಳಿಗೆ ಮುಟ್ಟಿಸಲು ಆಗಲಿಲ್ಲ. ಆಮೇಲೆ ಹಂಚಿಕೆ ಕೊಲಂಬಿಯಾ ಕೈಗೆ ಹೋಯಿತು, ಪರಿಸ್ಥಿತಿ ಇನ್ನೂ ಹದಗೆಟ್ಟಿತು. ಆಗ ಮಾರಾಟವಾದದ್ದು ಹತ್ತು ಸಾವಿರ ಪ್ರತಿಗೂ ಕಮ್ಮಿ ಅನ್ನುತ್ತಾರೆ. ಜೊತೆಗಿದ್ದ ಕ್ರಿಸ್ ಬೆಲ್ ಬ್ಯಾಂಡು ಬಿಟ್ಟರು, 1978ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ತಮಾಷೆ ಅಂದರೆ 'ದಟ್ ಸೆವೆಂಟೀಸ್ ಶೋ' ನೋಡಿದವರೆಲ್ಲ ಇವರ ಹಾಡನ್ನು ಕೇಳಿದ್ದಾರೆ. ಆ ಧಾರಾವಾಹಿಯ ಶೀರ್ಷಿಕೆ ಗೀತೆ ಬಿಗ್ ಸ್ಟಾರ್ ಹಾಡಿನದೇ ಇನ್ನೊಂದು ರೂಪ.

ಡೆಟ್ರಾಯಿಟ್‌ನ ಡೆತ್ ಬ್ಯಾಂಡಿನದು ಇನ್ನೊಂದು ಥರ. ಡೇವಿಡ್, ಬಾಬಿ, ಡ್ಯಾನಿಸ್ ಹ್ಯಾಕ್ನಿ, ಮೂವರೂ ಕಪ್ಪು ಸಮುದಾಯದ ಅಣ್ಣತಮ್ಮಂದಿರು. 1975ರಲ್ಲೇ ಇವರು ರೆಕಾರ್ಡ್ ಮಾಡಿದ ಹಾಡುಗಳು ಆಮೇಲೆ ಬಂದ ಪಂಕ್‌ನಂತೆಯೇ ಇವೆ. ರೆಕಾರ್ಡ್ ಕಂಪನಿಯ ದೊಡ್ಡ ಅಧಿಕಾರಿ ಕ್ಲೈವ್ ಡೇವಿಸ್‌ಗೆ ಹಾಡು ಹಿಡಿಸಿತು, ಹೆಸರು ಹಿಡಿಸಲಿಲ್ಲ. ಹೆಸರು ಬದಲಿಸಿ ಅಂದರು. ಡೇವಿಡ್ ಆಗಲ್ಲ ಅಂದುಬಿಟ್ಟರು. ಕೊನೆಗೆ ತಾವೇ 500 ಪ್ರತಿ ಸಿಂಗಲ್ ಅಚ್ಚು ಹಾಕಿಸಿಕೊಂಡರು. ಡೇವಿಡ್ 2000ದಲ್ಲಿ ತೀರಿಕೊಂಡರು. ಹಾಡುಗಳು ಆಲ್ಬಮ್ಮಾಗಿ ಬಂದದ್ದು 2009ರಲ್ಲಿ. ಅಷ್ಟರಲ್ಲಿ ಬಾಬಿಯ ಮಕ್ಕಳೇ, ಅಪ್ಪನ ಹಳೆಯ ಬ್ಯಾಂಡು ಇದು ಎಂದು ತಿಳಿದು, ಆ ಹಾಡುಗಳನ್ನು ನುಡಿಸಲು ಸ್ವಂತ ಬ್ಯಾಂಡು ಕಟ್ಟಿದ್ದರು. ಅಪ್ಪ ಮನೆಯಲ್ಲಿ ಒಂದು ಮಾತೂ ಹೇಳಿರಲಿಲ್ಲವಂತೆ.

ಇಂಥ ಹಳೆಯ ಟೇಪುಗಳನ್ನು ಹುಡುಕಿ ಮತ್ತೆ ಅಚ್ಚು ಹಾಕುವ ಲೇಬಲ್‌ಗಳೇ ಇವೆ. ನ್ಯೂಮೆರೋ ಗ್ರೂಪ್, ಲೈಟ್ ಇನ್ ದಿ ಆ್ಯಟಿಕ್, ನೌ-ಅಗೇನ್. ಬ್ಯಾಂಡಿನ ಹೆಸರು ಗೊತ್ತಿಲ್ಲದಿದ್ದರೂ ಲೇಬಲ್ ನೋಡಿ ಧೈರ್ಯವಾಗಿ ಕೇಳುತ್ತೇನೆ. ಜಾಂಬಿಯಾದ ವಿಚ್ ಬ್ಯಾಂಡು ನನಗೆ ಹಾಗೇ ಸಿಕ್ಕಿತು. 1970ರ ದಶಕದಲ್ಲಿ ಅಲ್ಲಿ ಜ್ಯಾಮ್‌ರಾಕ್ ಎಂಬ ಅಲೆಯೇ ಎದ್ದಿತ್ತು. ಕೊರೆಯುವ ಗಿಟಾರ್, ಕೆಳಗೆ ಆಫ್ರಿಕಾದ ತಾಳ. ತಾಮ್ರದ ಬೆಲೆ ಬಿದ್ದು ದೇಶದ ಆದಾಯ ಕುಸಿಯಿತು, ಸಂಗೀತಕ್ಕೂ ಪೆಟ್ಟು ಬಿತ್ತು. ಆಮೇಲೆ ಏಡ್ಸ್ ಅನೇಕ ಕಲಾವಿದರನ್ನು ಕೊಂಡೊಯ್ದಿತು. ವಿಚ್‌ನ ಹಾಡುಗಾರ ಇಮ್ಯಾನುಯೆಲ್ 'ಜಗಾರಿ' ಚಂದಾ ಉಳಿದರು. ಹೊಸಬರನ್ನು ಕಟ್ಟಿಕೊಂಡು 2023ರಲ್ಲಿ 'ಜಾಂಗೋ' ಎಂಬ ಹೊಸ ಆಲ್ಬಮ್ ತಂದರು. ಮೊದಲು 1975ರ 'ಲೇಜಿ ಬೋನ್ಸ್' ಕೇಳಿ, ಆಮೇಲೆ ಇದನ್ನು.

ಅಪರಿಚಿತ ಅಂದರೆ ಯಾರಿಗೆ ಅಪರಿಚಿತ, ಅದೂ ಒಂದು ಪ್ರಶ್ನೆ. ಕೋಲ್ಕತ್ತಾದ ಮೊಹೀನೇರ್ ಘೋಡಾಗುಲಿ ಬ್ಯಾಂಡನ್ನು ಬಂಗಾಳಿಗಳು ತಲೆ ಮೇಲೆ ಹೊತ್ತು ಮೆರೆಸುತ್ತಾರೆ. ಆದರೆ 1970ರ ದಶಕದಲ್ಲಿ ಅವರ ರೆಕಾರ್ಡುಗಳು ಬಂದಾಗ ಅಲ್ಲೂ ಕೇಳುವವರು ಕಮ್ಮಿ. 1995ರಲ್ಲಿ ಬ್ಯಾಂಡು ಕಟ್ಟಿದವರಲ್ಲಿ ಒಬ್ಬರಾದ ಗೌತಮ್ ಚಟ್ಟೋಪಾಧ್ಯಾಯ ಹೊಸ ಹುಡುಗರ ಜೊತೆ ಸೇರಿ ಒಂದು ಸಂಕಲನ ತಂದ ಮೇಲೆ ಹವಾ ಎದ್ದಿತು. ಭಾಷೆ ಬರದವರಿಗೆ ಇವತ್ತಿಗೂ ಹೆಸರು ಗೊತ್ತಿಲ್ಲ. ನನಗೂ ಬಂಗಾಳಿ ಬರುವುದಿಲ್ಲ. ಏನೂ ತೊಂದರೆಯಾಗಲಿಲ್ಲ.

ಇನ್ನು ಕೇಳುವ ಬಗ್ಗೆ. ಹೊಸ ಬ್ಯಾಂಡನ್ನು ಫೋನಿನ ಸ್ಪೀಕರ್‌ನಲ್ಲಿ ಕೇಳಿ ತೀರ್ಪು ಕೊಡುವುದಿಲ್ಲ, ಬೇಸ್ ಕೇಳಿಸುವುದೇ ಇಲ್ಲ. ಒಂದು ಹಾಡಿಗೆ ನಿಲ್ಲಿಸದೆ ಆಲ್ಬಮ್ಮಿನ ಅರ್ಧವಾದರೂ ಕೇಳುತ್ತೇನೆ. ಕೆಲವು ದಿನ ಬಿಟ್ಟು ಯಾವುದಾದರೂ ಸಾಲು ತಾನಾಗಿ ಬಾಯಿಗೆ ಬಂದರೆ ಅದು ನನ್ನ ಪಟ್ಟಿಗೆ. ಬರದಿದ್ದರೆ ಬಿಟ್ಟೆ. ಅಪರೂಪ ಅನ್ನುವ ಒಂದೇ ಕಾರಣಕ್ಕೆ ಯಾವುದನ್ನೂ ಇಟ್ಟುಕೊಳ್ಳುವುದಿಲ್ಲ. ಮರೆತುಹೋದ ಬ್ಯಾಂಡುಗಳಲ್ಲಿ ಮರೆಯಲು ಲಾಯಕ್ಕಾದವೇ ಜಾಸ್ತಿ. ನುಡಿಸಲು ಸರಿಯಾಗಿ ಬರದೆಯೇ ರೆಕಾರ್ಡ್ ಮಾಡಿದ ಶ್ಯಾಗ್ಸ್ ಬ್ಯಾಂಡಿನ 1969ರ ಆಲ್ಬಮ್ಮನ್ನು ಕೆಲವರು ಆರಾಧಿಸುತ್ತಾರೆ. ಒಂದು ಸಲಕ್ಕೆ ಸರಿ, ಎರಡನೇ ಸಲ ನನ್ನ ಕೈಲಿ ಆಗಲಿಲ್ಲ.

ಬೇರೆಯವರಿಗೆ ಕೇಳಿಸುವುದೇ ಕಷ್ಟದ ಕೆಲಸ. 'ನೀನು ಇದನ್ನು ಕೇಳಲೇಬೇಕು' ಅಂದರೆ ಯಾರೂ ಕೇಳಲ್ಲ, ಅಲ್ವಾ? ನಾನು ಒಂದೇ ಹಾಡು ಕಳಿಸುತ್ತೇನೆ, ಅದೂ ಅವರಿಗೆ ಆಗಲೇ ಇಷ್ಟವಿರುವುದಕ್ಕೆ ಗಂಟು ಹಾಕಿ. ಜಾಯ್ ಡಿವಿಷನ್ ಕೇಳುವವರಿಗೆ ದಿ ಸೌಂಡ್‌ನ 1981ರ 'ಫ್ರಮ್ ದಿ ಲಯನ್ಸ್ ಮೌತ್', ಇಲ್ಲವೇ ಕಮೀಲಿಯನ್ಸ್‌ನ 1983ರ 'ಸ್ಕ್ರಿಪ್ಟ್ ಆಫ್ ದಿ ಬ್ರಿಜ್'. ಆರ್.ಇ.ಎಂ. ಇಷ್ಟಪಡುವವರಿಗೆ ಫೀಲೀಸ್‌ನ 'ದಿ ಗುಡ್ ಅರ್ಥ್'. ಆರ್.ಇ.ಎಂ.ನ ಪೀಟರ್ ಬಕ್ ಅವರೇ ಅದರ ನಿರ್ಮಾಪಕರಲ್ಲಿ ಒಬ್ಬರು, ಹಾಗಾಗಿ ಹೆಚ್ಚು ವಾದ ಮಾಡುವ ಕೆಲಸವಿಲ್ಲ. ಮೌನ ಮತ್ತು ಗದ್ದಲ ಒಟ್ಟೊಟ್ಟಿಗೆ ಬೇಕು ಅನ್ನುವವರಿಗೆ ಸ್ಲಿಂಟ್‌ನ 1991ರ 'ಸ್ಪೈಡರ್‌ಲ್ಯಾಂಡ್'. ಅದರ ಹಿಂಬದಿಯಲ್ಲಿ, ಹಾಡುವ ಆಸಕ್ತಿ ಇರುವ ಮಹಿಳೆಯರು ಈ ವಿಳಾಸಕ್ಕೆ ಬರೆಯಿರಿ ಅಂತ ಅಚ್ಚಾಗಿದೆ. ಆಲ್ಬಮ್ ಅಂಗಡಿಗೆ ಬರುವ ಹೊತ್ತಿಗೆ ಬ್ಯಾಂಡೇ ಒಡೆದಿತ್ತು.

ಕೇಳುಗರೇ ಹಟ ಹಿಡಿದು ಬ್ಯಾಂಡನ್ನು ಎಬ್ಬಿಸಿದ್ದೂ ಇದೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಪಾಂಚಿಕೋ ಹುಡುಗರು 2000ದಲ್ಲಿ ಸುಮಾರು 30 ಸಿಡಿ ಮಾಡಿ ಹಂಚಿ ಸುಮ್ಮನಾಗಿದ್ದರು. 2016ರಲ್ಲಿ ಒಂದು ಸಿಡಿ ಹಳೆಯ ವಸ್ತು ಮಾರುವ ಅಂಗಡಿಯೊಂದರಲ್ಲಿ ಯಾರಿಗೋ ಸಿಕ್ಕಿತು. ಸಿಡಿ ಕೆಟ್ಟು ಹಾಡೆಲ್ಲ ಕರಕರ ಅನ್ನುತ್ತಿತ್ತು. ಆದರೂ ಜನ ಕೇಳಿ ಮರುಳಾಗಿ, ಇವರು ಯಾರೆಂದು ವರ್ಷಗಟ್ಟಲೆ ಹುಡುಕಿ, 2020ರಲ್ಲಿ ಪತ್ತೆ ಹಚ್ಚಿದರು. ಬ್ಯಾಂಡು ಮತ್ತೆ ಸೇರಿ 2023ರಲ್ಲಿ ಹೊಸ ಆಲ್ಬಮ್ ಮಾಡಿತು.

ಈಗ ನುಡಿಸುತ್ತಿರುವ ಚಿಕ್ಕ ಬ್ಯಾಂಡು ಸಿಕ್ಕಿದರೆ ಮಾತ್ರ ನಾನು ಸ್ಟ್ರೀಮಿಂಗ್‌ಗೆ ನಿಲ್ಲುವುದಿಲ್ಲ. 2024ರಿಂದ ಸ್ಪಾಟಿಫೈನಲ್ಲಿ ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿನ ರೆಕಾರ್ಡಿಂಗ್‌ಗೆ ರಾಯಲ್ಟಿ ಇಲ್ಲ. ಬ್ಯಾಂಡುಗಳು ತಾವೇ ಹಾಡು ಮಾರುವ ಬ್ಯಾಂಡ್‌ಕ್ಯಾಂಪ್ ಜಾಲತಾಣದಲ್ಲಿ ಡಿಜಿಟಲ್ ಆಲ್ಬಮ್ ಕೊಂಡರೆ ಅವರು ಹಿಡಿದುಕೊಳ್ಳುವ ಪಾಲು ಸಾಮಾನ್ಯವಾಗಿ ಶೇ. 15, ಮೇಲೆ ಪಾವತಿಯ ಶುಲ್ಕ. ಉಳಿದದ್ದು ಬ್ಯಾಂಡಿಗೆ. ಕೊಳ್ಳುವಾಗ ಒಂದು ಸಾಲು ಬರೆಯಲು ಅಲ್ಲಿ ಜಾಗವಿರುತ್ತದೆ. ಯಾವ ಹಾಡು ಇಷ್ಟವಾಯಿತು ಎಂದು ಬರೆದುಬಿಡಿ. ಚಿಕ್ಕ ಬ್ಯಾಂಡಿನವರು ಅದನ್ನು ಓದುತ್ತಾರೆ, ಎಷ್ಟೋ ಸಲ ಉತ್ತರವನ್ನೂ ಬರೆಯುತ್ತಾರೆ. ನಿಮಗೆ ಯಾರ ಹಾಡು ಇಷ್ಟ ಎಂದು ಅವರನ್ನೇ ಕೇಳಿ, ಮುಂದಿನ ನಾಲ್ಕು ಹೆಸರು ಅಲ್ಲೇ ಸಿಗುತ್ತವೆ.