ನೆಲ ಬಿಟ್ಟು ಜೋಲಿ ಹಿಡಿದ ಮೇಲೆ

ಚಿತ್ರದುರ್ಗದ ಸುತ್ತ ಬಯಲಲ್ಲಿ ಮಲಗುವವರಿಗೆ ಮೊದಲ ತಲೆನೋವು ಜಾಗದ್ದು. ಎಲ್ಲಿ ನೋಡಿದರೂ ಕಲ್ಲು. ಆರಡಿ ಸಮ ನೆಲ ಸಿಕ್ಕಿತು ಅಂತ ಚಾಪೆ ಹಾಸಿದರೆ ಸರಿಯಾಗಿ ಸೊಂಟದ ಕೆಳಗೇ ಒಂದು ಕಲ್ಲು ಎದ್ದಿರುತ್ತದೆ. ಟೆಂಟಿನ ಗೂಟ ಬಡಿದರೆ ನಾಲ್ಕು ಬೆರಳು ಇಳಿಯುವಷ್ಟರಲ್ಲಿ ಠಣ್ ಅನ್ನುತ್ತದೆ. ಹಾಸುಬಂಡೆ ಸಮವಾಗಿರುತ್ತದೆ, ಸರಿ. ಆದರೆ ಬೇಸಿಗೆಯಲ್ಲಿ ಹಗಲೆಲ್ಲ ಕಾದ ಬಂಡೆ ರಾತ್ರಿ ಬಹಳ ಹೊತ್ತು ಬೆನ್ನು ಸುಡುತ್ತದೆ. ಮಳೆ ಬಂದರೆ ನೀರು ಇಂಗಲು ಜಾಗವಿಲ್ಲದೆ ನಮ್ಮ ಅಡಿಯಲ್ಲೇ ಹರಿಯುತ್ತದೆ.

ನಾನು ದಾವಣಗೆರೆಯವನು. ರಜೆ ಸಿಕ್ಕಾಗ ಗೆಳೆಯರೆಲ್ಲ ಸೇರಿ ದುರ್ಗದ ಕಡೆ ಬೆಟ್ಟದ ತಪ್ಪಲಿನ ಹೊಲಗಳಲ್ಲಿ ರಾತ್ರಿ ಕಳೆಯುತ್ತೇವೆ. ಕೋಟೆಯೊಳಗೆ ಉಳಿಯುವಂತಿಲ್ಲ. ಜೋಗಿಮಟ್ಟಿ ಕಾಡಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಹಾಗಾಗಿ ಪರಿಚಯದವರ ಹೊಲವೇ ನಮಗೆ ಗತಿ.

ಬೆನ್ನುನೋವನ್ನಾದರೂ ತಡೆದುಕೊಳ್ಳಬಹುದು. ನನ್ನನ್ನು ನೆಲದಿಂದ ಎಬ್ಬಿಸಿದ್ದು ಕಟ್ಟುಹಾವಿನ ಭಯ. ಅದು ರಾತ್ರಿ ಓಡಾಡುವ ಹಾವು. ನೆಲದ ಮೇಲೆ ಮಲಗಿದವರಿಗೆ ನಿದ್ದೆಯಲ್ಲೇ ಕಚ್ಚುವುದು ಜಾಸ್ತಿ. ಕಚ್ಚಿದ ಜಾಗ ಅಷ್ಟಾಗಿ ನೋಯುವುದೂ ಇಲ್ಲ, ಊದುವುದೂ ಇಲ್ಲ. ಇರುವೆಯೋ ಏನೋ ಅಂತ ಮಗ್ಗುಲು ಬದಲಿಸಿ ಮಲಗಿಬಿಡುತ್ತಾರೆ. ಆಮೇಲೆ ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಕೊನೆಗೆ ಉಸಿರಾಟವೇ ನಿಲ್ಲುವ ಹಂತಕ್ಕೆ ಬರುತ್ತದೆ. ನಮ್ಮ ಕಡೆ ಹೊಲ ಕಾಯುವವರು ಅಟ್ಟಣಿಗೆ ಕಟ್ಟಿಕೊಂಡು ಅದರ ಮೇಲೆ ಮಲಗುವುದು ಬರೀ ಹಂದಿ ಕಾಣಲಿ ಅಂತಲ್ಲ. ಗೆಳೆಯನ ತಂದೆ ಶೇಂಗಾ ಹೊಲ ಕಾಯುವಾಗ ನಮ್ಮ ಟೆಂಟ್ ನೋಡಿ, "ಹೊಲದಾಗೆ ನೆಲದ ಮ್ಯಾಲೆ ಯಾರು ಮಲಗ್ತಾರಪ್ಪಾ?" ಅಂದಿದ್ದರು. ಜಿಪ್ ಎಳೆದ ಟೆಂಟಿನೊಳಗೆ ಹಾವು ಬರುವುದಿಲ್ಲ, ನಿಜ. ಆದರೆ ಏಪ್ರಿಲ್ ಸೆಕೆಯಲ್ಲಿ ರಾತ್ರಿಯಿಡೀ ಜಿಪ್ ಎಳೆದುಕೊಂಡು ಮಲಗುವವರು ಯಾರು?

ಅಟ್ಟಣಿಗೆ ಹೊತ್ತುಕೊಂಡು ಹೋಗಲಾಗುವುದಿಲ್ಲ. ಎರಡು ಮರಗಳ ನಡುವೆ ಕಟ್ಟಿ ಮಲಗುವ ಜೋಲಿಯನ್ನು ಹೊತ್ತುಕೊಂಡು ಹೋಗಬಹುದು. ನನ್ನದು ಮನೆಯಲ್ಲೇ ಮಾಡಿದ್ದು. ಗಟ್ಟಿ ನೈಲಾನ್ ಬಟ್ಟೆ, ಉದ್ದ 11 ಅಡಿ, ಅಗಲ 5 ಅಡಿ. ಎರಡು ತುದಿಗಳಲ್ಲೂ ಬಟ್ಟೆ ಮಡಿಸಿ, ಲಂಗಕ್ಕೆ ಲಾಡಿ ಹಾಕುವ ಹಾಗೆ ಹಗ್ಗ ತೂರುವಷ್ಟು ಜಾಗ ಬಿಟ್ಟು, ಟೈಲರ್ ಹತ್ತಿರ ಮೂರು ಸಾಲು ಹೊಲಿಗೆ ಹಾಕಿಸಿದೆ. ಹಗ್ಗ ತೂರಿಸಿ ನೆರಿಗೆ ಎಳೆದು ಬಿಗಿದರೆ ಮುಗಿಯಿತು. ಮರಕ್ಕೆ ಸುತ್ತಲು ಮಾತ್ರ ಹಗ್ಗ ಬೇಡ. ಒಂದು ಇಂಚಿಗಿಂತ ಅಗಲದ ಪಾಲಿಯೆಸ್ಟರ್ ಪಟ್ಟಿ ಬೇಕು. ಹಗ್ಗ ತೊಗಟೆಯನ್ನು ಕೊರೆಯುತ್ತದೆ. ನೈಲಾನ್ ಪಟ್ಟಿಯಾದರೆ ಭಾರಕ್ಕೆ ಹಿಗ್ಗಿ, ಬೆಳಗಾಗುವಷ್ಟರಲ್ಲಿ ನಾವು ನೆಲ ಮುಟ್ಟಿರುತ್ತೇವೆ.

ಕಟ್ಟುವುದರಲ್ಲೇ ಎಲ್ಲ ಇರುವುದು. ಹೊಸಬರು ಎಲ್ಲರೂ ಬಿಗಿಯಾಗಿ ಎಳೆದು ಕಟ್ಟುತ್ತಾರೆ. ಬಿಗಿಯಾದಷ್ಟೂ ಸಮ ಅನ್ನುವ ಲೆಕ್ಕ ಅವರದು. ಆಗುವುದು ಉಲ್ಟಾ. ಪಟ್ಟಿ ನೆಲಕ್ಕೆ 30 ಡಿಗ್ರಿ ಓರೆಯಲ್ಲಿ ಇಳಿದಿದ್ದರೆ, 80 ಕಿಲೋ ಆಸಾಮಿ ಮಲಗಿದಾಗ ಒಂದೊಂದು ಪಟ್ಟಿಯ ಮೇಲೂ 80 ಕಿಲೋ ಎಳೆತ ಬೀಳುತ್ತದೆ. ಅದನ್ನೇ 10 ಡಿಗ್ರಿಗೆ ಬಿಗಿದರೆ ಎಳೆತ 230 ಕಿಲೋ ಆಗುತ್ತದೆ. ಬಟ್ಟೆಯ ಅಂಚು ಎದ್ದು ಭುಜ ಹಿಂಡುತ್ತದೆ, ಮಗ್ಗುಲು ಬದಲಿಸಿದರೆ ಹೊರಗೆ ಉರುಳುತ್ತೇವೆ. 30 ಡಿಗ್ರಿ ಅಳೆಯಲು ಕೈಯೇ ಸಾಕು. ಹೆಬ್ಬೆರಳು, ತೋರುಬೆರಳನ್ನು ಪಿಸ್ತೂಲಿನಂತೆ ಬಿಡಿಸಿ. ತೋರುಬೆರಳು ನೆಲಕ್ಕೆ ಸಮವಾಗಿರಲಿ. ಎರಡೂ ಬೆರಳ ತುದಿಗಳ ನಡುವೆ ಒಂದು ಗೆರೆ ಎಳೆದಂತೆ ಊಹಿಸಿಕೊಳ್ಳಿ, ಆ ಗೆರೆಯ ಓರೆಯಲ್ಲೇ ಪಟ್ಟಿ ಇರಬೇಕು. ನಾನು ಇನ್ನೊಂದು ಉಪಾಯವನ್ನೂ ಮಾಡಿದ್ದೇನೆ. ಜೋಲಿಯ ಎರಡು ತುದಿಗಳ ನಡುವೆ 9 ಅಡಿಯ ಒಂದು ಸಣ್ಣ ಹಗ್ಗವನ್ನು ಕಾಯಂ ಆಗಿ ಕಟ್ಟಿಬಿಟ್ಟಿದ್ದೇನೆ. ಮರಗಳು ಹತ್ತಿರ ಇರಲಿ, ದೂರ ಇರಲಿ, ಜೋಲಿಯ ಬಾಗು ಬದಲಾಗುವುದಿಲ್ಲ. ಕೂತಾಗ ಕುರ್ಚಿಯಷ್ಟು ಎತ್ತರ ಇದ್ದರೆ ಸಾಕು. ಇಷ್ಟಾದ ಮೇಲೆ ನೇರ ಮಲಗಬಾರದು. ತಲೆ ಎಡಕ್ಕೆ, ಕಾಲು ಬಲಕ್ಕೆ ಸ್ವಲ್ಪ ಓರೆಯಾಗಿ ಹಾಕಿ. ಆಗ ಬಟ್ಟೆ ಅಗಲವಾಗಿ ಬೆನ್ನು ಹೆಚ್ಚುಕಮ್ಮಿ ಸಮವಾಗುತ್ತದೆ.

ಮರದ ವಿಷಯದಲ್ಲಿ ನಾನು ಸ್ವಲ್ಪ ಆರಿಸಿ ನೋಡುವವನು. ಹುಣಸೆ, ಬೇವು, ಹೊಂಗೆ ಸಿಕ್ಕರೆ ಕಣ್ಣುಮುಚ್ಚಿ ಕಟ್ಟುತ್ತೇನೆ. ಕಣ್ಣುಮುಚ್ಚಿ ಅಂದರೆ, ಮೇಲೆ ಒಣಗಿದ ಕೊಂಬೆ ಇಲ್ಲ ಅಂತ ನೋಡಿಕೊಂಡ ಮೇಲೆ. ನೀಲಗಿರಿಯ ಕೆಳಗೆ ಮಲಗುವುದಿಲ್ಲ, ಅದು ಯಾವಾಗ ಕೊಂಬೆ ಉದುರಿಸುತ್ತದೋ ಹೇಳಲಾಗದು. ನುಗ್ಗೆಯ ಮಾತೇ ಬೇಡ. ತೆಂಗಿನ ಕೆಳಗೆ ಯಾಕೆ ಬೇಡ ಅಂತ ಯಾರಿಗೂ ಹೇಳಬೇಕಿಲ್ಲ ಅಲ್ವಾ. ಚನ್ನಗಿರಿ ಕಡೆಯ ತೋಟಗಳಲ್ಲಿ ಅಡಿಕೆ ಮರ ಸಾಲಾಗಿ ನಿಂತು ಕರೆಯುತ್ತವೆ, ಆದರೂ ಕಟ್ಟುವುದಿಲ್ಲ. ಕಾಂಡ ಸಪೂರ, ಬೇರು ಮೇಲುಮೇಲೆ. ಫಸಲು ಕೊಡುವ ಮರಕ್ಕೆ ನಮ್ಮ ಭಾರ ಯಾಕೆ? ಬೇಲಿಯ ಕಲ್ಲುಕಂಬಕ್ಕಂತೂ ಎಂದಿಗೂ ಕಟ್ಟಬೇಡಿ. ನಿಂತ ಭಾರ ಹೊರುವ ಕಲ್ಲು ಅಡ್ಡ ಎಳೆತಕ್ಕೆ ಮುರಿಯುತ್ತದೆ, ಮುರಿದರೆ ಮಲಗಿದವನ ಮೇಲೇ ಬೀಳುತ್ತದೆ.

ಇನ್ನು ಚಳಿ. ಗಾಳಿಯಂತ್ರ ನೆಟ್ಟಿರುವ ಗುಡ್ಡಗಳ ಜಿಲ್ಲೆ ಇದು, ಗಾಳಿಗೇನು ಬರ. ನೆಲದಲ್ಲಿ ಮಲಗಿದಾಗ ಗಾಳಿ ಮೇಲಿಂದ ಮಾತ್ರ ಬೀಸುತ್ತದೆ. ಜೋಲಿಯಲ್ಲಿ ಬೆನ್ನಿನ ಕೆಳಗೂ ಬೀಸುತ್ತದೆ. ಡಿಸೆಂಬರಿನಲ್ಲಿ ದಪ್ಪ ರಜಾಯಿ ಒಳಗೆ ಹಾಸಿಕೊಂಡರೂ ಬೆನ್ನು ತಣ್ಣಗೇ ಇರುತ್ತದೆ. ಮೈಭಾರಕ್ಕೆ ಹತ್ತಿ ಒತ್ತಿಹೋಗಿ ಒಳಗಿನ ಗಾಳಿಯೆಲ್ಲ ಹೊರಟುಹೋಗುತ್ತದೆ. ಬೆಚ್ಚಗಿಡುವುದು ಆ ಗಾಳಿಯೇ. ಅದಕ್ಕೇ ಹೊದಿಕೆಯನ್ನು ಜೋಲಿಯ ಹೊರಗೆ, ಕೆಳಗಡೆ ನೇತುಹಾಕಬೇಕು. ಅಂಗಡಿಯಲ್ಲಿ ಅಂಡರ್‌ಕ್ವಿಲ್ಟ್ ಅಂತ ಸಿಗುತ್ತದೆ, ದುಬಾರಿ. ನಾನು ಚಳ್ಳಕೆರೆ ಕಂಬಳಿಯ ನಾಲ್ಕು ಮೂಲೆಗೂ ಲಾಡಿ ಹೊಲಿದು ಅದನ್ನೇ ಕಟ್ಟುತ್ತೇನೆ. ಕಂಬಳಿ ಜೋಲಿಗೆ ತಾಗಿಯೂ ತಾಗದಂತೆ ಇರಬೇಕು. ಜೋತುಬಿದ್ದರೆ ನಡುವೆ ಗಾಳಿ ನುಗ್ಗುತ್ತದೆ, ಬಿಗಿಯಾದರೆ ಉಣ್ಣೆ ಒತ್ತಿಹೋಗುತ್ತದೆ. ಕಂಬಳಿಯ ನೇಯ್ಗೆಯಲ್ಲಿ ಸಣ್ಣ ಗಾಳಿ ನುಸುಳುವುದುಂಟು, ಜೋರು ಗಾಳಿಯಿದ್ದರೆ ಹೊರಗಡೆ ಒಂದು ರೇನ್‌ಕೋಟ್ ಬಟ್ಟೆ. ತೂಕ ಜಾಸ್ತಿ, ಒಪ್ಪುತ್ತೇನೆ. ಆದರೆ ಸೊಳ್ಳೆಗೂ ಅದೇ ಮದ್ದು. ತೆಳು ಬಟ್ಟೆಯಾದರೆ ಸೊಳ್ಳೆ ಕೆಳಗಿಂದಲೇ ಚುಚ್ಚುತ್ತದೆ. ಕಂಬಳಿ ಇದ್ದರೆ ಅದರ ಆಟ ನಡೆಯುವುದಿಲ್ಲ. ಮೇಲಕ್ಕೆ ಪರದೆ ಬೇಕೇ ಬೇಕು.

ಮಳೆಗೆ ಒಂದು ಟಾರ್ಪಾಲು ಸಾಕು. ಆದರೆ ಮರದಿಂದ ಇಳಿಯುವ ನೀರು ಪಟ್ಟಿ ಹಿಡಿದುಕೊಂಡೇ ಜೋಲಿಯೊಳಗೆ ಬರುತ್ತದೆ. ಟಾರ್ಪಾಲಿನ ಒಳಗೆ ಬರುವ ಭಾಗದ ಪಟ್ಟಿಗೆ ಗೇಣುದ್ದ ಹತ್ತಿ ದಾರ ಕಟ್ಟಿ ಇಳಿಬಿಡಿ. ನೀರು ಆ ದಾರಕ್ಕೆ ತಿರುಗಿ ತೊಟ್ಟಿಕ್ಕುತ್ತದೆ. ಶೂ ಕೂಡ ನೆಲಕ್ಕೆ ಬಿಡುವುದಿಲ್ಲ, ಲೇಸ್ ಗಂಟು ಹಾಕಿ ಪಟ್ಟಿಗೆ ನೇತುಹಾಕುತ್ತೇನೆ. ಚೇಳಿಗೆ ರಾತ್ರಿ ಬೇಕಾದದ್ದು ಅಂಥ ಜಾಗವೇ.

ಟೆಂಟನ್ನು ಮಾರಿಲ್ಲ. ಮರವಿಲ್ಲದ ಬೋಳುಗುಡ್ಡಕ್ಕೆ ಅದೇ ಬೇಕು, ಗೂಟದ ಬದಲು ಕಲ್ಲು ಹೇರಿ ನಿಲ್ಲಿಸುತ್ತೇನೆ. ಮನೆಯವರಿಗೆ ಬೋರಲು ಮಲಗಿಯೇ ಅಭ್ಯಾಸ, ಜೋಲಿಯಲ್ಲಿ ಅದು ಆಗದ ಮಾತು. ಅವರು ಜೊತೆಗೆ ಬಂದಾಗ ಅವರಿಗೂ ಮಗಳಿಗೂ ಟೆಂಟ್, ಪಕ್ಕದ ಹುಣಸೆಗೆ ನನ್ನ ಜೋಲಿ. ಸಂಜೆಯೆಲ್ಲ ಜೋಲಿಯಲ್ಲಿ ಮಗಳದೇ ದರ್ಬಾರು. ನನಗೆ ಅದು ಸಿಗುವುದು ಅವಳು ಮಲಗಿದ ಮೇಲೆ.